ನಮ್ಮಪ್ಪ ಕುಡಿದಿರಲಿಲ್ಲ

ನಮ್ಮಪ್ಪ ಶಿವಯೋಗೆಪ್ಪ ರಬಕವಿಯಲ್ಲಿ ಸೀರೆ ನೇಯುತ್ತಿದ್ದ. ಯಾರಾದರೂ ಹಿಂದಿನಿಂದ ಕೂಗಿದರೆ, ಬಸ್ಸು ಹಾರ್ನ್ ಹೊಡೆದರೆ, ಬೆಚ್ಚಿ ಎರಡು ನಿಮಿಷ ತೂರಾಡುತ್ತಿದ್ದ. ನಾಲಗೆ ತೊದಲುತ್ತಿತ್ತು. ಆಮೇಲೆ ಏನೂ ಆಗದವನ ಹಾಗೆ ಮಗ್ಗಕ್ಕೆ ಕೂರುತ್ತಿದ್ದ. ಸಣ್ಣವನಿದ್ದಾಗ ಇದನ್ನೇ ಊರವರು ದೃಷ್ಟಿ ಎಂದರು. ಮೀಸೆ ಬಂದ ಮೇಲೆ ಸೆರೆ ಕುಡಿತ ಎಂದರು. ನಮ್ಮೂರಿನ ವೈದ್ಯಶಾಸ್ತ್ರ ಅಷ್ಟಕ್ಕೇ ಮುಗಿಯುತ್ತದೆ.

ಲಿಂಗ ಕಟ್ಟಿಕೊಂಡವನು ಕುಡಿಯುತ್ತಾನೆ ಎಂಬುದು ನಮ್ಮವರಲ್ಲಿ ಸಣ್ಣ ಮಾತಲ್ಲ. ೧೯೬೮ರಲ್ಲಿ ಮಗ್ಗದ ಮಾಲೀಕ ಬಸಗೊಂಡಪ್ಪ ಅಪ್ಪನನ್ನು ಮಠಕ್ಕೆ, ಊರ ಹಿರಿಯರ ಮುಂದೆ ಕರೆಸಿದ.

"ಲಿಂಗ ಅಂಗೈಮ್ಯಾಗ ಇಟ್ಟಕೊಂಡ ಹೇಳು, ಶಿವಯೋಗೆಪ್ಪ. ಕುಡಿಯೂದಿಲ್ಲ ಅಂದರ ನಾ ನಂಬತೇನಿ."

ಅಪ್ಪ ಲಿಂಗವನ್ನು ಎಡಗೈಯಲ್ಲಿಟ್ಟುಕೊಂಡು, "ಜನ್ಮದಾಗ ಮುಟ್ಟಿಲ್ಲರಿ," ಎಂದ. ಎಲ್ಲರೂ ಒಪ್ಪಿ ಎದ್ದರು. ಮೆಟ್ಟಿಲು ಇಳಿಯುವಾಗ ಬೀದಿಯಲ್ಲಿ ಲಾರಿಯೊಂದು ಹಾರ್ನ್ ಹೊಡೆಯಿತು. ಆಡಿಕೊಳ್ಳುವವರ ಮುಂದೆ ಎಡವಿ ಬೀಳುವುದೆಂದರೆ ಅದೇ. ಅಪ್ಪ ತೂರಾಡಿ ಅವರೆಲ್ಲರ ಕಾಲ ಬಳಿ ಬಿದ್ದ.

ಹನ್ನೊಂದು ವರ್ಷದ ನಾನು ಗೆಳತಿಯರ ಜೊತೆ ಕೆಳಗೆ ನಿಂತಿದ್ದೆ. ಅಪ್ಪ ನನ್ನನ್ನು ಕಂಡು ತೊದಲುತ್ತಲೇ ಹೇಳಿದ: "ಕಸ್ತೂರಿ, ನನ್ನ ಬಾಯಿ ಮೂಸಿ ನೋಡಬೇ. ನೀನರ ಹೇಳು ಇವರಿಗೆ."

ನನಗೆ ನಾಚಿಕೆಯಾಯಿತು. ಮೂಗು ಮುಚ್ಚಿಕೊಂಡು ಮನೆಗೆ ಓಡಿದೆ. ಮಗಳೇ ಮೂಗು ಮುಚ್ಚಿಕೊಂಡ ಮೇಲೆ ಊರಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ.

ಕುಡಿದದ್ದನ್ನಾದರೂ ಕ್ಷಮಿಸುತ್ತಿದ್ದರೇನೋ, ಲಿಂಗ ಹಿಡಿದು ಸುಳ್ಳು ಹೇಳಿದ್ದನ್ನು ಕ್ಷಮಿಸಲಿಲ್ಲ. ಮಗ್ಗ ಹೋಯಿತು. ಅಪ್ಪ ಲಿಂಗ ಬಿಚ್ಚಿ ಗೂಡಿನಲ್ಲಿಟ್ಟ. "ನನ್ನ ಸಲುವಾಗಿ ಇದಕ್ಕ್ಯಾಕ ಕೆಟ್ಟ ಹೆಸರು," ಎಂದ. ಆಮೇಲೆ ಒಂಬತ್ತು ವರ್ಷ ಬದುಕಿದ. ಬಾಯಿ ಮೂಸಿ ನೋಡಿ ಎಂದು ಮತ್ತೆ ಯಾರನ್ನೂ ಕೇಳಲಿಲ್ಲ. ನನ್ನನ್ನೂ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಸತ್ತಾಗ ಅಂಗೈಯಲ್ಲಿ ಲಿಂಗವಿಲ್ಲದೆಯೇ ಹೂತರು.

೧೯೯೭ರಲ್ಲಿ ನನ್ನ ಎಂಟು ವರ್ಷದ ಮಗಳು ಶೇವಂತಿ ಕುಕ್ಕರಿನ ಸೀಟಿಗೆ ಬೆಚ್ಚಿ ಥೇಟ್ ಅಪ್ಪನ ಹಾಗೆಯೇ ತೂರಾಡಿದಳು. ಮಿರಜದ ಡಾಕ್ಟರು ಅವಳನ್ನು ನೋಡಿ, ಸದಾ ಅದುರುವ ನನ್ನ ಕಣ್ಣರೆಪ್ಪೆಯನ್ನೂ ನೋಡಿ, ಅಪ್ಪನ ಬಗ್ಗೆ ಕೇಳಿದರು. ಆಮೇಲೆ ಕಾಗದದ ಮೇಲೆ ಮೆದುಳಿನ ಒಂದು ನರಕೋಶದ ಚಿತ್ರ ಬರೆದರು. ಅದರ ಪೊರೆಯಲ್ಲಿ ಪೊಟ್ಯಾಸಿಯಂ ಹೊರಬಿಡುವ ಪ್ರೋಟೀನಿನ ಬಾಗಿಲುಗಳಿವೆಯಂತೆ. ಕೆರಳಿದ ನರ ಸುಮ್ಮನಾಗುವುದು ಅವುಗಳಿಂದ. ಒಂದೊಂದು ಬಗೆಯ ಬಾಗಿಲಿಗೆ ಒಂದೊಂದು ಜಾಗ. ಕೆಲವು ಕೋಶದ ಒಡಲ ಮೇಲೆ, ಕೆಲವು ಕವಲುಗಳ ಮೇಲೆ. ನಮ್ಮ ಮನೆತನದಲ್ಲಿ ಕೆಟ್ಟಿರುವ ಬಗೆಯ ಬಾಗಿಲು ಕೋಶದಿಂದ ಹೊರಟ ಉದ್ದನೆಯ ಎಳೆಯ ಮೇಲೆ, ಅದರ ತುದಿಗಳಲ್ಲಿ ಇರುತ್ತದೆ. ಮೈಯನ್ನು ನೆಟ್ಟಗೆ ನಿಲ್ಲಿಸುವ ಕಿರುಮೆದುಳಿನಲ್ಲಿ ಅದು ದಟ್ಟವಾಗಿದೆ. ಬೆಚ್ಚಿದಾಗ ಅಲ್ಲಿಯ ನರ ಬೇಗ ಸುಮ್ಮನಾಗದೆ ಮೈ ತೂರಾಡುತ್ತದಂತೆ.

"ಇದು ಗೊತ್ತಾಗಿ ಮೂರು-ನಾಕ ವರ್ಷ ಆತರಿ," ಎಂದರು ಡಾಕ್ಟರು. "ನಿಮ್ಮ ತಂದೀಗೂ ಇದ ಇದ್ದಿರಬೇಕು."

ಅಪ್ಪನ ಲಿಂಗ ನನ್ನ ಹತ್ತಿರವೇ ಇದೆ. ಆ ಕಾಗದವನ್ನು ಅದರ ಪಕ್ಕದಲ್ಲಿ ಇಟ್ಟಿದ್ದೇನೆ. ಯಾರಿಗೆ ತೋರಿಸಲಿ? ಬಸಗೊಂಡಪ್ಪ ಸತ್ತ, ಅವ್ವ ಸತ್ತಳು. ಮೊನ್ನೆ ಶೇವಂತಿ ಮತ್ತೆ ತೂರಾಡಿದಾಗ ಓಡಿಹೋಗಿ ತಬ್ಬಿ ಹಿಡಿದೆ. ಅವಳ ಮುಖ ನನ್ನ ಮುಖಕ್ಕೆ ತಾಗಿತು. ಶೇಂಗಾ ತಿಂದಿದ್ದಳು, ಬಾಯಿಯಲ್ಲಿ ಅದರ ವಾಸನೆ ಇತ್ತು. ಅಪ್ಪನ ಬಾಯಿಯ ವಾಸನೆ ಹೇಗಿತ್ತೆಂದು ನನಗೆ ಗೊತ್ತಿಲ್ಲ.