ಕರಿಯಮ್ಮನ ಗುಲಾಬಿಗೆ ನಂಜಿಯ ಕುಡುಗೋಲು

ಊಟಿ ಹತ್ತಿರದ ಕೆತ್ತಿಯ ಒಂದು ಹಟ್ಟಿಯಲ್ಲಿ ನಂಜಿಯಷ್ಟು ಕೆಲಸಗಾತಿ ಇನ್ನೊಬ್ಬಳಿರಲಿಲ್ಲ. ಅವಳಷ್ಟು ಹೊಟ್ಟೆಕಿಚ್ಚಿನವಳೂ ಇರಲಿಲ್ಲ, ಅದನ್ನೂ ಹೇಳಿಬಿಡಬೇಕು. ಅವಳು ಬೆಳೆದ ಆಲೂಗೆಡ್ಡೆಯೇ ದಪ್ಪ, ಅವಳು ಕುಟ್ಟಿದ ಸಾಮೆಯೇ ನುಣುಪು. ಅತ್ತೆ ಹಾಗೆಂದು ನಾಲ್ಕು ಜನರೆದುರು ಹೊಗಳಿದ ದಿನ ನಂಜಿಗೆ ಊಟವೂ ಬೇಡ.

ರೈಲು ಕೆತ್ತಿ ದಾಟಿ ಊಟಿಗೆ ಹೋಗತೊಡಗಿದ ಹೊಸತು. ಮೈದುನ ಲಿಂಗ ಊಟಿಯಲ್ಲಿ ಒಬ್ಬ ಬಿಳಿ ದೊರೆಯ ಬಂಗ್ಲೆಯಲ್ಲಿ ತೋಟದ ಕೆಲಸಕ್ಕಿದ್ದ. ದೊರೆ ತನ್ನ ಸೀಮೆಗೆ ಹೊರಟಾಗ ಅವನಿಗೊಂದು ಕೆಂಪು ಗುಲಾಬಿ ಗಿಡ ಕೊಟ್ಟ. ಲಿಂಗ ಅದನ್ನು ತಂದು, ಹೊಸದಾಗಿ ಬಂದ ಹೆಂಡತಿ ಕರಿಯಮ್ಮನ ಬಾಗಿಲ ಪಕ್ಕ ನೆಟ್ಟ. ಅಣ್ಣತಮ್ಮಂದಿರದು ಒಂದೇ ಸೂರಿನ ಸಾಲುಮನೆ. ಹೂ ಬಿಟ್ಟದ್ದು ಕರಿಯಮ್ಮನ ಬಾಗಿಲಲ್ಲಿ, ಪರಿಮಳ ನಂಜಿಯ ಒಲೆಯ ತನಕ!

ಅತ್ತೆ ಬೆಳಗೆದ್ದರೆ ಗಿಡದ ಮುಂದೆ. "ಎಂಥಾ ವಾಸನೆ! ಎನ್ನ ಕರಿಯಿ ಬಂದ ಗಳಿಗೆ ಒಳ್ಳೇದು" ಅನ್ನುವಳು.

"ಹೂವ ಬೇಯಿಸಿ ತಿನ್ನಿ ಮತ್ತೆ. ಎನ್ನ ಗೆಡ್ಡೆ ಏಕೆ ನಿಮಗೆ?" ಎಂದು ನಂಜಿ ಪಾತ್ರೆ ಕುಕ್ಕುವಳು.

ಕರಿಯಮ್ಮನೂ ಕಡಿಮೆಯವಳಲ್ಲ. ಒಂದು ಹೂವನ್ನು ತಲೆವಸ್ತ್ರದ ಅಂಚಿಗೆ ಸಿಕ್ಕಿಸಿಕೊಂಡು, ನಂಜಿಯ ಬಾಗಿಲ ಮುಂದೆಯೇ ಹಾದು ನೀರಿಗೆ ಹೋಗುವಳು. "ಅಕ್ಕಾ, ನಿನಗೂ ಒಂದು ಕೊಡಲಾ?" ಎಂದು ಕೇಳುವಳು ಬೇರೆ. ನಂಜಿ ದಡಾರನೆ ಬಾಗಿಲು ಹಾಕಿಕೊಳ್ಳುವಳು.

ಹಿಮ ಬಿದ್ದ ಒಂದು ಬೆಳಗ್ಗೆ ಕರಿಯಮ್ಮ ಸಂತೆಗೆ ಹೋಗಿದ್ದಳು. ಅವಳ ಕುಡುಗೋಲು ಗಿಡದ ಪಕ್ಕದಲ್ಲೇ ಬಿದ್ದಿತ್ತು. ನಂಜಿ ಅತ್ತಿತ್ತ ನೋಡಿ, ಗಿಡವನ್ನು ಮೊಣಕಾಲೆತ್ತರಕ್ಕೆ ಕಚಕಚನೆ ಕತ್ತರಿಸಿ ಹಾಕಿದಳು. "ಇನ್ನು ಮೆರಿ!" ಎಂದಳು. ಕೈತುಂಬ ಮುಳ್ಳಿನ ಗೀರು, ಮನಸ್ಸು ಮಾತ್ರ ತಣ್ಣಗೆ. ಸಂಜೆ ಬಂದ ಕರಿಯಮ್ಮ "ಎಮ್ಮೆ ಮೇಯ್ದಿರಬೇಕು" ಎಂದಳಷ್ಟೆ.

ಚೈತ್ರಕ್ಕೆ ಗಿಡ ಮೈತುಂಬ ಚಿಗುರಿ, ಹಿಂದೆಂದೂ ಬಿಡದಷ್ಟು ಹೂ ಬಿಟ್ಟಿತು. ಅಯ್ಯೋ ನಂಜಿಯ ಗತಿಯೇ! ಮಳೆಗಾಲದಲ್ಲಿ ಬುಡ ಸುಟ್ಟುಹೋಗಲಿ ಎಂದು ಕೊಟ್ಟಿಗೆಯ ಗಂಜಲ ಸೆಗಣಿಯನ್ನೆಲ್ಲ ತಂದು ಸುರಿದಳು. ಮಳೆ ಅದನ್ನು ತೆಳ್ಳಗೆ ಮಾಡಿ ಬೇರಿಗೆ ಉಣಿಸಿತು. ಹೂವು ಅಂಗೈಯಗಲ ಆಯಿತು. ಮುಂದಿನ ಹಿಮಕ್ಕೆ ಮತ್ತೆ ಕಡಿದಳು, ಮತ್ತೆ ಚಿಗುರಿತು. ಹೀಗೇ ವರ್ಷಗಳು ಹೋದವು. ಅತ್ತೆ ತೀರಿಕೊಂಡಳು, ಮಕ್ಕಳಿಗೆ ಮದುವೆಯಾಯಿತು, ಓರಗಿತ್ತಿಯರಿಬ್ಬರ ತಲೆಯೂ ನೆರೆಯಿತು. ಹೊಟ್ಟೆಕಿಚ್ಚಿಗೆ ಮಾತ್ರ ಮುಪ್ಪು ಬರಲಿಲ್ಲ.

ಒಂದು ಚಳಿಗಾಲ ಕರಿಯಮ್ಮ ಜ್ವರ ಬಂದು ಸತ್ತಳು.

ನಂಜಿ ಎದೆ ಬಡಿದುಕೊಂಡು ಅತ್ತಳು. ಆಮೇಲೆ ಆ ಗಿಡಕ್ಕೆ ಅವಳೇ ಕಾವಲು. ಒಂದು ಕಡ್ಡಿ ಮುರಿಯಗೊಡಳು. ಗಂಜಲ ತಾಗೀತೆಂದು ಬುಡಕ್ಕೆ ಕಲ್ಲು ಕಟ್ಟಿದಳು. ಕರಿಯಿಯದೆಂದು ಉಳಿದದ್ದು ಅದೊಂದೇ, ಅದು ಸಾಯಬಾರದು. ಗಿಡವೋ ಸೂರಿನೆತ್ತರ ಬೆಳೆದು ಸೊರಗಿ, ಬುಡವೆಲ್ಲ ಒಣಗಿತು. ಎರಡನೆಯ ವರ್ಷ ಒಂದು ಮೊಗ್ಗೂ ಇಲ್ಲ.

"ಏ ಲಿಂಗಾ, ಗಿಡ ಸಾಯ್ತಾ ಇದೆ. ಏನಾದರೂ ಮಾಡು" ಎಂದು ನಂಜಿ ಗೋಗರೆದಳು.

ಲಿಂಗ ನಕ್ಕ. ಅವನ ಕಣ್ಣಲ್ಲಿ ನೀರಿತ್ತು. "ಎನ್ನ ಕೈಲಿ ಏನಿದೆ ಅತ್ತಿಗೆ? ಗುಲಾಬಿಯನ್ನು ಹಿಮಕ್ಕೆ ಕಡಿಯಬೇಕು, ಮಳೆಗೆ ಗೊಬ್ಬರ ಕೊಡಬೇಕು. ಎರಡನ್ನೂ ನೀವೇ ಮಾಡ್ತಿದ್ದಿರಿ. ಮೊದಲ ವರ್ಷ ನಾನು ಕಡಿಯೋಕೆ ಅಂತ ಮಸೆದಿಟ್ಟ ಕುಡುಗೋಲು ಅದು. ಆಮೇಲೆ ಕರಿಯಿ ಪ್ರತಿ ವರ್ಷ ಅಲ್ಲೇ ಇಟ್ಟು ಸಂತೆಗೆ ಹೋಗೋಳು. 'ಅಕ್ಕನ ಹೊಟ್ಟೆ ಉರಿದರೇ ಎನ್ನ ಹೂ ಅರಳೋದು, ನೀನು ಕೈ ಹಾಕಬೇಡ' ಅನ್ನೋಳು."

ನಂಜಿಯ ಮುಖ ಕೆಂಪಾಯಿತು. "ಎಲಾ ಇವಳ! ಎನ್ನ ಕೈಲೇ ದುಡಿಸಿಕೊಂಡಳಾ? ಸತ್ತ ಮೇಲೂ ಗೆದ್ದಳಾ?" ಎಂದು ಕರಿಯಮ್ಮನ ಮನೆಗೆ ನುಗ್ಗಿ, ಅದೇ ಕುಡುಗೋಲು ತಂದು, ಬೈಯುತ್ತ, ಅಳುತ್ತ, ಗಿಡವನ್ನು ಮೊಣಕಾಲೆತ್ತರಕ್ಕೆ ಕಡಿದು ಹಾಕಿದಳು.

ಚೈತ್ರದಲ್ಲಿ ಮೊದಲ ಹೂ ಅರಳಿತು. ನಂಜಿ ಅದನ್ನು ಕಿತ್ತು, ಕರಿಯಮ್ಮನ ಹೊಸ್ತಿಲ ಮೇಲಿಟ್ಟಳು.

"ತಗೋ," ಎಂದಳು, "ಮೆರಿ."