ಹೆಂಡತಿಯ ಮುಖ ನೋಡಿ ಕಟ್ಟಿದ ಬಾಜಿ

ಏಳನೆಯ ಇಯತ್ತೆಗೆ ಶಾಲೆ ಬಿಟ್ಟು ಹುಬ್ಬಳ್ಳಿಯ ಒಂದು ಟಾಕೀಸಿನಲ್ಲಿ ಗೇಟ್ ಕಾಯುವ ಕೆಲಸಕ್ಕೆ ಸೇರಿದವನು ನಾನು. ಇಂಟರ್‌ವಲ್ಲಿಗೆ ಹೊರಬರುವ ಜನರ ಮುಖ ನೋಡಿಯೇ ಸಿನಿಮಾ ಎಷ್ಟು ವಾರ ಓಡುತ್ತದೆ ಎಂದು ಹೇಳಿಬಿಡುತ್ತಿದ್ದೆ. ಚಹಾ ಕುಡಿಯುತ್ತ ಕತೆಯ ಬಗ್ಗೆ ಜಗಳಾಡಿದರೆ ಓಡುತ್ತದೆ, ಬೀಡಿ ಹಚ್ಚಿ ಬಸ್ಸಿನ ಹೊತ್ತು ಕೇಳಿದರೆ ಇಲ್ಲ. ಮಾಲೀಕರೂ ನನ್ನನ್ನು ಕೇಳುತ್ತಿದ್ದರು. ಇದು ಯಾರೂ ಕಲಿಸಿದ ವಿದ್ಯೆಯಲ್ಲ, ನಿಂತು ನಿಂತು ಬಂದದ್ದು.

ಈಗ ಅಮೆರಿಕದ ಗ್ಲೆಂಡೇಲ್ ಹೈಟ್ಸ್‌ನ ಒಂದು ಹೋಟೆಲಿನಲ್ಲಿ ದೋಸೆ ಹುಯ್ಯುತ್ತೇನೆ. ಮಗಳು, ಅಳಿಯ ಡೆಟ್ರಾಯಿಟ್ ಕಡೆ ಇದ್ದಾರೆ. ಹೋದ ಚಳಿಗಾಲದಲ್ಲಿ ಅವರ ಮನೆಗೆ ಹೋದಾಗ ಅಳಿಯಂದಿರು ನನ್ನ ಫೋನಿಗೆ ಒಂದು ಆ್ಯಪ್ ಹಾಕಿಕೊಟ್ಟರು. ಜನ ಮನೆಯ ಟಿ.ವಿ.ಯಲ್ಲಿ ಯಾವ ಸಿನಿಮಾ ಹೆಚ್ಚು ನೋಡಿದರು ಎಂಬ ಪಟ್ಟಿ ಪ್ರತಿ ಮಂಗಳವಾರ ಬರುತ್ತದೆ. ಯಾವುದು ಮೊದಲು ಬರುತ್ತದೆಂದು ಮುಂಚೆಯೇ ಊಹಿಸಿ, ಆ ಸಿನಿಮಾದ ಮೇಲೆ ದುಡ್ಡು ಕೊಟ್ಟು ‘ಹೌದು’ ಅಥವಾ ‘ಇಲ್ಲ’ ಕೊಳ್ಳಬೇಕು. ಊಹೆ ಸರಿಯಾದರೆ ಕೊಟ್ಟದ್ದಕ್ಕಿಂತ ಹೆಚ್ಚು ಬರುತ್ತದೆ, ತಪ್ಪಿದರೆ ಏನೂ ಇಲ್ಲ.

“ಇದು ಜೂಜಲ್ಲ ಮಾವ, ಪ್ರಿಡಿಕ್ಷನ್ ಮಾರ್ಕೆಟ್,” ಎಂದರು.

“ನಮ್ಮ ಕಡೆ ಇದಕ್ಕ ಓಸಿ ಬರೆಸೋದು ಅಂತಾರ್ರಿ ಅಳಿಯಂದ್ರ.”

ಅವರು ನಕ್ಕರು. “ನಿಮಗೆ ಜನ ಗೊತ್ತು ಮಾವ. ನೀವು ಗೆಲ್ತೀರಾ ನೋಡಿ.”

ಆ ಮಾತು ನನಗೆ ಹಿಡಿಸಿಬಿಟ್ಟಿತು.

ಆದರೆ ಇಲ್ಲಿ ಗೇಟಿಲ್ಲ. ಎಲ್ಲರೂ ಅವರವರ ಮನೆಯಲ್ಲಿ ಪರದೆ ಎಳೆದುಕೊಂಡು ನೋಡುತ್ತಾರೆ. ನನಗೆ ನೋಡಲು ಸಿಕ್ಕಿದ್ದು ಒಂದೇ ಮುಖ, ಹೆಂಡತಿಯದು. ಅವಳಿಗೆ ಡ್ರೈವಿಂಗ್ ಬಾರದು, ಇಂಗ್ಲಿಷ್ ಅಷ್ಟಕ್ಕಷ್ಟೆ. ಹಿಮ ಬಿದ್ದು ಬಾಗಿಲು ತೆಗೆಯಲಾಗದ ದಿನಗಳಲ್ಲಿ ಅವಳ ಪಾಲಿಗಿದ್ದ ಸುಖವೆಂದರೆ ಸಿನಿಮಾ. ಭಾಷೆ ಯಾವುದಿದ್ದರೂ “ಏ ಹುಚ್ಚಿ, ಅವನ ಕೂಡ ಹೋಗಬ್ಯಾಡ!” ಎಂದು ಟಿ.ವಿ.ಗೆ ಬೈಯುವಳು.

ನಾನು ಟಿ.ವಿ. ಬಿಟ್ಟು ಅವಳನ್ನು ನೋಡತೊಡಗಿದೆ. ಅವಳು ಒಲೆ ಆರಿಸಿ ಬಂದು ಕೂತರೆ ‘ಹೌದು’, ಸೊಪ್ಪು ಸೋಸುತ್ತ ಕೂತರೆ ‘ಇಲ್ಲ’. ಮೊದಮೊದಲು ಸರಿಹೋಯಿತು, ಆಮೇಲೆ ತಪ್ಪತೊಡಗಿತು. ಕೆಲಸ ಕೈಕೊಟ್ಟಾಗ ಇನ್ನಷ್ಟು ಮೈಬಗ್ಗಿಸುವವನು ನಾನು. ಸಿನಿಮಾ ನಡುವೆ ನಿಲ್ಲಿಸಿ, “ಈಗ ಬ್ಯಾಸರಾತೇನ?” ಎಂದು ಕೇಳುತ್ತಿದ್ದೆ. ಆ್ಯಪಿನ ಆಟ ಅವಳಿಗೂ ಗೊತ್ತಿತ್ತು.

ಒಂದು ಭಾನುವಾರ ಮಧ್ಯಾಹ್ನ ತಾಯಿ ಮಗಳು ಬಹುಕಾಲದ ಮೇಲೆ ಸಂಧಿಸುವ ದೃಶ್ಯ ಬಂತು. ಅವಳು ಸೆರಗು ಬಾಯಿಗಿಟ್ಟು ಅಳುತ್ತಿದ್ದಳು. ನಾನು ಫೋನ್ ತೆಗೆದು ‘ಹೌದು’ ಒತ್ತಿದೆ.

“ಏನ್ ಒತ್ತಿದ್ರಿ?”

“ಏನಿಲ್ಲ, ಸುಮ್ನ.”

“ನಾ ಅತ್ತರ ರೇಟ್ ಏರತೈತೇನ್ರಿ?”

“ಇನ್ನೊಂದೀಟು ಅಳು, ಮಂಗಳವಾರ ನಿನಗ ಸೀರಿ,” ಎಂದು ನಗಿಸಲು ನೋಡಿದೆ. ಅವಳು ಕಣ್ಣೊರೆಸಿಕೊಂಡು ನೆಟ್ಟಗೆ ಕೂತಳು, ನಗಲಿಲ್ಲ.

ಮಂಗಳವಾರ ಆ ಸಿನಿಮಾ ಪಟ್ಟಿಯಲ್ಲೇ ಇರಲಿಲ್ಲ. ಮೊದಲು ಬಂದದ್ದು ಅವಳು ಅರ್ಧಕ್ಕೇ ನಿಲ್ಲಿಸಿದ್ದ ಸಿನಿಮಾ. ಅಳಿಯಂದಿರಿಗೆ ಫೋನ್ ಮಾಡಿದೆ.

“ಬಟ್ಟೆ ಮಡಚ್ತಾ ಸುಮ್ನೆ ಹಾಕ್ಕೊಂಡಿದ್ರೂ ಅದು ವ್ಯೂನೇ ಮಾವ. ಯಾರಿಗೆ ಇಷ್ಟ ಆಯ್ತು ಅಂತ ಯಾರೂ ಕೇಳಲ್ಲ.”

ಇಷ್ಟು ವರ್ಷ ನನ್ನದೆಂದು ಹೆಮ್ಮೆಪಟ್ಟ ವಿದ್ಯೆ ಅಲ್ಲಿಗೆ ಮುಗಿಯಿತು. ಅವಳ ಕಣ್ಣೆದುರೇ ಆ್ಯಪ್ ಅಳಿಸಿದೆ. “ಛಲೋ ಆತು,” ಎಂದಳು. ಮನೆ ಸರಿಹೋಯಿತು ಎಂದುಕೊಂಡೆ.

ಮುಂದಿನ ಭಾನುವಾರ ಅವಳು ಊಟದ ಟೇಬಲ್ಲಿನ ಕುರ್ಚಿಯೊಂದನ್ನು ತಂದು ಸೋಫಾದ ಹಿಂದೆ ಹಾಕಿಕೊಂಡಳು. ಪಕ್ಕಕ್ಕೆ ಕರೆದೆ. “ಇಲ್ಲೇ ಬರೋಬ್ಬರಿ ಕಾಣತೈತ್ರಿ,” ಎಂದಳು. ಅಂದಿನಿಂದ ಅಲ್ಲೇ ಕೂರುತ್ತಾಳೆ. ಟಿ.ವಿ.ಗೆ ಬೈಯುವುದನ್ನೂ ಬಿಟ್ಟಿದ್ದಾಳೆ. ಬೇಸಗೆ ಬಂದು ಹೋಯಿತು, ಮತ್ತೆ ಹಿಮ ಬೀಳುತ್ತಿದೆ.

ಹೋದ ವಾರ ಅವಳಿಗೆಂದೇ ಹುಡುಕಿ ಒಂದು ನಗೆಯ ಸಿನಿಮಾ ಹಾಕಿದೆ. ಮದುಮಗ ಕೇಕಿನ ಮೇಲೆ ಮುಗ್ಗರಿಸಿ ಬಿದ್ದ. ನಾನು ಜೋರಾಗಿ ನಕ್ಕು ಕಾದೆ. ಹಿಂದಿನಿಂದ ಸದ್ದಿಲ್ಲ. ಸದ್ದಾಗದಂತೆ ನಗುತ್ತಿದ್ದಳೋ, ನಗಲೇ ಇಲ್ಲವೋ. ತಿರುಗಿದರೆ ಮತ್ತೆ ಮುಖ ನೋಡಿದಂತಾಗುತ್ತದೆ ಎಂದು ತಿರುಗಲಿಲ್ಲ.

ಮುಗಿದ ಮೇಲೆ ಕೇಳಿದೆ. “ಹೆಂಗಿತ್ತ?”

“ಛಲೋ ಇತ್ರಿ,” ಎಂದಳು, ಗುರುತಿಲ್ಲದವರಿಗೆ ಹೇಳುವಂತೆ. ಕುರ್ಚಿಯನ್ನು ಎತ್ತಿ ಟೇಬಲ್ಲಿಗೆ ಸೇರಿಸಿ ಒಳಗೆ ಹೋದಳು.