ಈ ಕಣ್ಣು ಹೀಗೇ ಇರಲಿ

ನಮ್ಮ ಮನೆಯಲ್ಲಿ ನನ್ನ ಚಿಂತೆಗಳಿಗೆ ಬೆಲೆ ಇಲ್ಲ. ಇದು ದೂರಲ್ಲ, ನಾನೇ ದುಡಿದು ಸಂಪಾದಿಸಿಕೊಂಡ ಸ್ಥಿತಿ. ಬಸ್ಸು ಹತ್ತಿದರೆ ಬ್ರೇಕಿನ ಚಿಂತೆ, ಇಳಿದರೆ ಮನೆಗೆ ಬೀಗ ಹಾಕಿದೆನೋ ಇಲ್ಲವೋ ಎಂಬ ಚಿಂತೆ. ಮಕ್ಕಳು ಫೇಲಾದರೆ ನನ್ನ ಪಾಠದ ಬಗ್ಗೆ, ಎಲ್ಲರೂ ಪಾಸಾದರೆ ಯಾರಾದರೂ ತನಿಖೆಗೆ ಬಂದಾರೆಂಬುದರ ಬಗ್ಗೆ. ನ್ಯಾಮತಿಯ ಹೈಸ್ಕೂಲಿನಲ್ಲಿ ನಾನು ಚರಿತ್ರೆಯ ಮೇಷ್ಟ್ರು. ಹಗಲೆಲ್ಲ ಆಗಿಹೋದದ್ದನ್ನು ಪಾಠ ಹೇಳಿ, ಸಂಜೆ ಆಗದೇ ಇರುವುದನ್ನು ನೆನೆದು ಹೆದರುತ್ತ ಮನೆಗೆ ಬರುತ್ತಿದ್ದೆ. ಹೆಂಡತಿ ಒಮ್ಮೆ ನನ್ನೆದುರಿಗೇ ನನ್ನ ಅಕ್ಕನಿಗೆ ಹೇಳಿದ್ದಳು: “ಇವರು ಮಳೆ ಬಂದ್ರೆ ಹೊಳೆ ಏರತೈತೆ ಅಂತಾರೆ, ಬರದಿದ್ರೆ ಬಾವಿ ಬತ್ತತೈತೆ ಅಂತಾರೆ. ಇವರ ಮಾತು ಕಟ್ಕಂಡ್ರೆ ಹೊಸ್ತಿಲು ದಾಟಾಕಾಗಲ್ಲ ಕಣಕ್ಕ.”

ಹೀಗೆ ಸುಳ್ಳಾದ ಚಿಂತೆಗಳ ರಾಶಿಯಲ್ಲಿ ನಿಜವಾದದ್ದು ಒಂದೇ ಒಂದು. ಅದನ್ನೂ ಯಾರೂ ನಂಬಲಿಲ್ಲ. ನಂಬಲಿಲ್ಲವೆಂದು ಅವರನ್ನು ಬಯ್ಯುವ ಹಾಗೂ ಇಲ್ಲ.

ಅದು ಅಮ್ಮನ ಕಣ್ಣಿನ ಚಿಂತೆ. ಎಡಗಣ್ಣು ಅವಳ ಬಾಲ್ಯದಲ್ಲೇ ಸಿಡುಬಿಗೆ ಹೋಗಿತ್ತು. ಉಳಿದದ್ದು ಬಲಗಣ್ಣು. ಎಂಬತ್ತರ ದಶಕದ ನಡುವಿನ ಹೊತ್ತಿಗೆ ಅದರ ಮೇಲೂ ಪೊರೆ ಕೂತಿತು. ಚನ್ನಗಿರಿಯಲ್ಲಿ ಚಳಿಗಾಲದಲ್ಲಿ ಉಚಿತ ಕಣ್ಣಿನ ಶಿಬಿರ ಮಾಡುತ್ತಿದ್ದರು. ಹೊನ್ನಾಳಿಯಲ್ಲಿ ಬಸ್ಸು ಬದಲಿಸಿ, ಸಾಸ್ವೆಹಳ್ಳಿ ದಾರಿ ಹಿಡಿದು ಅಮ್ಮನನ್ನು ಕರೆದುಕೊಂಡು ಹೋದೆ. ಡಾಕ್ಟರು ಬ್ಯಾಟರಿ ಬೆಳಕು ಬಿಟ್ಟು ನೋಡಿ, ಪೊರೆ ಇನ್ನೂ ಬಲಿತಿಲ್ಲ, ಬಲಿಯಲಿ, ಮುಂದಿನ ಸಲ ತೆಗೆಯೋಣ ಎಂದರು. ಆಗ ಹಾಗೆಯೇ ಇತ್ತು, ಕಾಯಿ ಹಣ್ಣಾಗಲೆಂದು ಕಾಯುವ ಹಾಗೆ ಪೊರೆಗೂ ಕಾಯುತ್ತಿದ್ದರು. ಅಮ್ಮ ಗೆದ್ದವಳ ಹಾಗೆ ವಾಪಸು ಬಂದಳು. ಅಕ್ಕಿಯಲ್ಲಿ ಕಲ್ಲು ಕಾಣದಿದ್ದರೂ ಬಾಗಿಲಲ್ಲಿ ನಿಂತವರು ಯಾರೆಂದು ಆಕಾರದಿಂದ ಹೇಳುತ್ತಿದ್ದಳು. ಅಷ್ಟು ಸಾಕಾಗಿತ್ತು ಅವಳಿಗೆ.

ಅದರ ಮುಂದಿನ ವರ್ಷ, ಮಳೆ ಹಿಡಿಯುವ ಮುಂಚೆ, ಆ ನಿರ್ದೇಶಕರು ಬಂದರು. ಹೆಸರು ಹೇಳುವುದಿಲ್ಲ. ಹೇಳಿದರೆ ನಿಮಗೆ ಗೊತ್ತಾಗುವಂಥ ಹೆಸರು. ಪ್ರಶಸ್ತಿ ಬಂದ ಸಿನಿಮಾಗಳನ್ನು ತೆಗೆದವರು. ಅವರ ಒಂದು ಸಿನಿಮಾವೂ ಹೊನ್ನಾಳಿಯ ಟೆಂಟಿಗೆ ಬಂದಿರಲಿಲ್ಲವಾದ್ದರಿಂದ ನಮಗೆ ಅವರ ಮೇಲೆ ಗೌರವ ಇನ್ನೂ ಹೆಚ್ಚು. ಈಗ ಟೀವಿಗೆ ಧಾರಾವಾಹಿ ಮಾಡುತ್ತಾರಂತೆ, ಹದಿಮೂರು ವಾರ, ಹೊಳೆದಂಡೆಯ ಒಂದು ಮನೆತನದ ಕಥೆ. ದಿಲ್ಲಿಯಿಂದ ಇಡೀ ದೇಶ ನೋಡುತ್ತದಂತೆ. ಊರು, ಮನೆ, ಮುಖ ಹುಡುಕುತ್ತ ಬಂದ ಅವರ ಜೀಪಿಗೆ ದಾರಿ ತೋರಿಸಲು ಹೆಡ್‌ಮಾಸ್ತರು ನನ್ನನ್ನು ಒಪ್ಪಿಸಿದರು. ಬೇಸಿಗೆ ರಜೆಯಲ್ಲೂ ಸ್ಕೂಲಿನ ಬೀಗ ನೋಡಲು ಬರುವ ಮೇಷ್ಟ್ರು ನಾನೊಬ್ಬನೇ ಆಗಿದ್ದುದೇ ಅದಕ್ಕೆ ನನಗಿದ್ದ ಅರ್ಹತೆ.

ಜೀಪಿನಲ್ಲಿ ಅವರು ಹೊಳೆ ನೋಡುತ್ತಿದ್ದರು, ನಾನು ಪೆಟ್ರೋಲಿನ ಮುಳ್ಳು ನೋಡುತ್ತಿದ್ದೆ. ಕೊನೆಗೆ ಊಟಕ್ಕೆಂದು ಮನೆಗೆ ಕರೆತಂದೆ. ರೊಟ್ಟಿ ಗಟ್ಟಿಯಾಯಿತೇನೋ, ಚಟ್ನಿಗೆ ಖಾರ ಜಾಸ್ತಿಯಾಯಿತೇನೋ ಎಂದು ನಾನು ಒಳಗೂ ಹೊರಗೂ ಅಲೆಯುತ್ತಿದ್ದಾಗ ಅಮ್ಮ ಗೋಡೆ ಸವರಿಕೊಂಡು ಮಜ್ಜಿಗೆ ತಂದಳು. ಪಡಸಾಲೆಯ ಬೆಳಕಿಂಡಿಯ ಕೆಳಗೆ ಬಂದಾಗ, ಯಾರು ಎಲ್ಲಿ ಕೂತಿದ್ದಾರೆಂದು ತಿಳಿಯಲು ಮುಖವನ್ನು ಮೇಲೆತ್ತಿ ನಿಂತಳು. ನಿರ್ದೇಶಕರು ಕೈಯಲ್ಲಿದ್ದ ರೊಟ್ಟಿಯನ್ನು ತಟ್ಟೆಯಲ್ಲಿಟ್ಟು ಅವಳನ್ನೇ ನೋಡಿದರು. ರೊಟ್ಟಿ ಕೆಟ್ಟಿದೆ ಎಂದುಕೊಂಡೆ.

ಊಟವಾದ ಮೇಲೆ ಅವಳನ್ನು ಹೊಸ್ತಿಲ ಹತ್ತಿರ ಕೂರಿಸಿ, ಒಂದು ಫೋಟೋ ತೆಗೆದು, ಏನಾದರೂ ಮಾತಾಡಿ ಎಂದರು.

“ಏನು ಮಾತಾಡ್ಲಪ್ಪ? ನನಗೆ ಚಂದಾಗಿ ಮಾತಾಡಾಕೆ ಬರೋದು ನಾಟಕದ್ದೇ.”

ಇಲ್ಲಿ ತೀರಿಹೋದ ನನ್ನ ಅಪ್ಪನ ವಿಷಯ ಹೇಳಬೇಕು. ಅಪ್ಪ ಊರ ನಾಟಕದಲ್ಲಿ ಸ್ತ್ರೀಪಾರ್ಟು ಮಾಡುತ್ತಿದ್ದರು. ಮಗನನ್ನು ಕಳೆದುಕೊಂಡ ರಾಣಿಯ ಪಾರ್ಟಿಗೆ ಸುತ್ತಲ ಹಳ್ಳಿಗಳಲ್ಲಿ ಅವರಿಗೆ ಹೆಸರು. ಸೀರೆ ಅಮ್ಮನದು. ಮಾತುಗಳನ್ನು ಬಾಯಿಪಾಠ ಮಾಡಿಸಿದವಳೂ ಅಮ್ಮನೇ. ಓದು ಬಾರದ ಅವಳು ಹಾರ್ಮೋನಿಯಂ ಪೇಟಿಯ ಮಾಸ್ತರು ಹೇಳಿಕೊಡುವುದನ್ನು ಗೋಡೆಯಾಚೆ ಕೇಳಿ ಕಲಿತು, ರೊಟ್ಟಿ ತಟ್ಟುತ್ತ ಅಪ್ಪನಿಗೆ ಒಪ್ಪಿಸುತ್ತಿದ್ದಳು. ಎಲ್ಲಿ ಅಳಬೇಕು, ಎಲ್ಲಿ ಅಳು ಬಂದರೂ ತಡೆದು ನಿಲ್ಲಬೇಕು ಎಂಬುದೆಲ್ಲ ಅವಳದೇ ಪಾಠ. ನಾಟಕದ ದಿನ ಹೆಂಗಸರ ನಡುವೆ ಕೂತು ತನ್ನ ಸೀರೆ ತನ್ನ ಮಾತನ್ನಾಡುವುದನ್ನು ನೋಡಿ ಬರುತ್ತಿದ್ದಳು. ಜನ ಅಪ್ಪನಿಗೆ ನೋಟು ಚುಚ್ಚುತ್ತಿದ್ದರು, ಸೀರೆ ತೂತಾಗಿ ಮನೆಗೆ ಬರುತ್ತಿತ್ತು.

ಆ ರಾಣಿಯ ಮಾತನ್ನು ಅಮ್ಮ ಅವತ್ತು ಹೊಸ್ತಿಲಲ್ಲಿ ಕೂತು ಹೇಳಿದಳು. ಕೂಗಿ ಹೇಳಲಿಲ್ಲ. ಪಕ್ಕದ ಮನೆಯವರಿಗೆ ಸಕ್ಕರೆ ಕೇಳುವ ದನಿಯಲ್ಲಿ ಹೇಳಿದಳು. ಅವಳ ಬಾಯಲ್ಲಿ ನಾನು ಅದನ್ನು ಪೂರ್ತಿ ಕೇಳಿದ್ದು ಅದೇ ಮೊದಲು. ಮುಗಿದ ಮೇಲೆ ನಿರ್ದೇಶಕರು ಎದ್ದು ಅವಳ ಹತ್ತಿರ ಕೂತರು. ಪ್ರತಿ ವಾರ ಕಥೆ ಶುರುವಾಗುವುದೂ ಮುಗಿಯುವುದೂ ಬಾಗಿಲಲ್ಲಿ ಕೂತ ಒಬ್ಬ ಮುದುಕಿಯಿಂದ, ಅವಳನ್ನು ಹುಡುಕುತ್ತಿದ್ದೆವು, ಸಿಕ್ಕಿಬಿಟ್ಟಿರಿ ಎಂದರು.

“ಅಮ್ಮಾ, ನೀವು ಏನೂ ಬದಲಾಗಬೇಡಿ. ಈ ಕಣ್ಣು ಹೀಗೇ ಇರಲಿ. ಮಳೆಗಾಲ ಮುಗೀತಿದ್ದ ಹಾಗೆ ಬರ್ತೀವಿ.”

ಅವರು ಕೆಟ್ಟವರಲ್ಲ. ಮಗುವಿನ ಕೆನ್ನೆ ನೋಡಿ ಹೀಗೇ ಇರು ಅನ್ನುವುದಿಲ್ಲವೇ, ಹಾಗೆ ಅಂದರು. ಅದು ಪೊರೆ, ಅದಕ್ಕೊಂದು ಕಾಲ ಇದೆ, ಎಂಬುದೆಲ್ಲ ಅವರಿಗೆ ಗೊತ್ತಿರಲಿಲ್ಲ. ನಾನು ಆಗ ಜೀಪು ಹಿಂದಕ್ಕೆ ತೆಗೆಯುವಾಗ ಚರಂಡಿಗೆ ಇಳಿದೀತೆಂದು ಚಿಂತಿಸುತ್ತಿದ್ದೆ.

ಆ ಮಾತು ಅಮ್ಮನಲ್ಲಿ ಉಳಿಯಿತು. ಮಳೆಗಾಲ ಮುಗಿಯಿತು. ದೀಪಾವಳಿ ಆಯಿತು. ರಸ್ತೆಯಲ್ಲಿ ಯಾವ ಜೀಪಿನ ಸದ್ದಾದರೂ ಅಮ್ಮ ಸೆರಗು ಸರಿಮಾಡಿಕೊಂಡು ಹೊಸ್ತಿಲಿಗೆ ಬರುತ್ತಿದ್ದಳು. ಊರಿಗೂ ಸುದ್ದಿ ಹಬ್ಬಿತ್ತು. ಆಗ ನಮ್ಮಲ್ಲಿ ಟೀವಿ ಇದ್ದದ್ದು ರೈಸ್‌ಮಿಲ್ಲಿನ ಸಾಹುಕಾರರ ಮನೆಯಲ್ಲಿ ಮಾತ್ರ. ಚಿತ್ರಕ್ಕಿಂತ ಹೆಚ್ಚು ಹೊತ್ತು ಅದರಲ್ಲಿ ಸೊಳ್ಳೆ ಮುತ್ತಿದ ಹಾಗೆ ಚುಕ್ಕಿಗಳೇ. ಚಹಾ ಅಂಗಡಿಯವನು ನನ್ನನ್ನು ಕಂಡಾಗಲೆಲ್ಲ ಕೇಳುತ್ತಿದ್ದ: “ಏನ್ ಮೇಷ್ಟ್ರೇ, ಟೀವಿ ಅಜ್ಜಿ ದಿಲ್ಲಿಗೆ ಯಾವಾಗ ಹೊಂಟ್ರು? ನಮ್ಮನ್ನ ಮರೀಬ್ಯಾಡ ಅನ್ರಿ.” ನಗುತ್ತಿದ್ದೆ. ನಕ್ಕು ಮನೆಗೆ ಬಂದು ಅಮ್ಮನ ಕಣ್ಣನ್ನು ನೋಡುತ್ತಿದ್ದೆ. ಪೊರೆ ಈಗ ಹಾಲಿನ ಕೆನೆಯಷ್ಟು ಬೆಳ್ಳಗಾಗಿತ್ತು.

ಚಳಿಗಾಲದಲ್ಲಿ ಚನ್ನಗಿರಿಯ ಶಿಬಿರ ಮತ್ತೆ ಬಂತು. ರಜೆ ಹಾಕಿದೆ, ಅವಳ ಚೀಲ ಕಟ್ಟಿದೆ. ಅಮ್ಮ ಕಂಬಕ್ಕೆ ಒರಗಿ ಕೂತು, ಬರಲ್ಲ ಎಂದಳು. ಜಗಳೂರಿಗೆ ಕೊಟ್ಟಿದ್ದ ಅಕ್ಕನೂ ಆಗ ಬಂದಿದ್ದಳು, ಅಮ್ಮನನ್ನು ಒಪ್ಪಿಸಲೆಂದು ನಾನೇ ಕರೆಸಿದ್ದೆ.

“ಅಮ್ಮ, ಈಗ ತೆಗೀದಿದ್ರೆ ಕಣ್ಣೇ ಹೋಗತೈತೆ,” ಎಂದೆ.

“ನಿನ್ನ ಬಾಯಾಗೆ ಯಾವುದು ಉಳದೈತೆ ಹೇಳು. ಹೋದ ಮಳೆಗಾಲದಾಗೆ ಈ ಗ್ವಾಡೆ ಬೀಳತೈತೆ ಅಂದಿದ್ದೆ. ಬಿತ್ತಾ?”

ಗೋಡೆ ನನ್ನ ಬೆನ್ನ ಹಿಂದೆ ಗಟ್ಟಿಯಾಗಿ ನಿಂತಿತ್ತು. ಅಕ್ಕ ಬಾಯಿಗೆ ಸೆರಗು ಇಟ್ಟುಕೊಂಡಳು.

“ಆಪರೇಷನ್ ಮಾಡಿಸ್ಕಂಡು ದಪ್ಪ ಕನ್ನಡಕ ಹಾಕ್ಕಂಡು ಕುಂತ್ರೆ ಅವರು ಬಂದು ಏನಂತಾರೆ? ಈ ಮುದುಕಿ ಬ್ಯಾಡ, ಬ್ಯಾರೆಯೋರ್ನ ನೋಡಾನ ಅಂತಾರೆ. ಶೂಟಿಂಗ್ ಮುಗೀಲಿ. ಅವತ್ತೇ ಕರಕಂಡು ಹೋಗು, ಎಲ್ಡೂ ಕಣ್ಣು ಕೀಳಸ್ಕಂಡು ಬರ್ತೀನಿ.”

ನಾನು ಅಕ್ಕನ ಕಡೆ ನೋಡಿದೆ. “ನಮ್ಮ ಜಗಳೂರಾಗೆ ಮಳೀಗೆ ವರ್ಷಗಟ್ಲೆ ಕಾಯ್ತೀವಿ, ಇದ್ಯಾವ ದೊಡ್ಡದು ಬಿಡೋ,” ಎಂದಳು ಅವಳು. ಹಿತ್ತಿಲಿಗೆ ಬಂದ ಮೇಲೆ ದನಿ ತಗ್ಗಿಸಿ ಇನ್ನೊಂದು ಮಾತು ಹೇಳಿದಳು. ಅಪ್ಪನ ಜೊತೆ ಅಷ್ಟು ವರ್ಷ ಬಾಳಿದರೂ ಅಮ್ಮ ತನಗೊಂದು ಬೇಕು ಅಂತ ಕೇಳಿದ್ದನ್ನು ತಾನು ನೋಡಿಲ್ಲ, ಒಂದು ವರ್ಷ ಕಾದರೆ ಏನು ಮುಳುಗುತ್ತದೆ ಅಂದಳು. ಒಳಗೆ ಬಂದು ಕಟ್ಟಿದ ಚೀಲವನ್ನು ಬಿಚ್ಚಿದೆ.

ಆದರೂ ಮನಸ್ಸು ತಡೆಯದೆ ಹೊನ್ನಾಳಿಗೆ ಹೋಗಿ ಬೆಂಗಳೂರಿಗೆ ಟ್ರಂಕ್ ಕಾಲ್ ಬುಕ್ ಮಾಡಿದೆ. ಮಧ್ಯಾಹ್ನವೆಲ್ಲ ಅಂಚೆ ಕಚೇರಿಯ ಬೆಂಚಿನ ಮೇಲೆ ಕಾದು, ಕೊನೆಗೆ ನಿರ್ದೇಶಕರ ಸಹಾಯಕರೊಬ್ಬರ ದನಿ ಸಿಕ್ಕಿತು. ದಿಲ್ಲಿಯಿಂದ ಒಪ್ಪಿಗೆ ಬರಬೇಕು, ಬಂದ ತಕ್ಷಣ ಹೊರಡುವುದೇ, ಆ ಅಜ್ಜಿಯ ಫೋಟೋ ಗೋಡೆಗೇ ಹಾಕಿದ್ದೇವೆ ಎಂದರು. ನಾನು ಕಣ್ಣಿನ ವಿಷಯ ಕೂಗಿ ಹೇಳಿದೆ. ಆ ಕಡೆಯಿಂದ, ಹೌದು ಸಾರ್, ಕಣ್ಣು ಅದ್ಭುತ, ಎಂದು ಕೇಳಿಸಿ ಲೈನು ಕಟ್ಟಾಯಿತು. ಮನೆಗೆ ಬಂದು ಫೋಟೋ ವಿಷಯ ಹೇಳಬಾರದಿತ್ತೇನೋ. ಹೇಳಿದೆ. ಅಮ್ಮ ಅವತ್ತು ಎರಡನೇ ಸಲ ಅನ್ನ ಹಾಕಿಸಿಕೊಂಡಳು.

ಯುಗಾದಿ ಕಳೆದು ಸ್ವಲ್ಪ ದಿನಕ್ಕೆ ಒಂದು ಬೆಳಿಗ್ಗೆ ಅಮ್ಮ ತಲೆ ಹಿಡಿದುಕೊಂಡು ಕೂತಳು. ಕಣ್ಣು ಕೆಂಪಾಗಿ ನೀರು ಸೋರುತ್ತಿತ್ತು, ಎರಡು ಸಲ ವಾಂತಿಯಾಯಿತು. ಪಿತ್ತ ಎಂದು ಹೆಂಡತಿ ಶುಂಠಿ ಕಷಾಯ ಕೊಟ್ಟಳು. ನಾನು ಮಾತ್ರ ಕಣ್ಣೇ ಎಂದೆ. ಯಾರೂ ನಗಲಿಲ್ಲ. ನಗಲಿಲ್ಲವಲ್ಲ ಎಂದೇ ಹೆದರಿ ಅವಳ ಚೀಲ ಕಟ್ಟಿದೆ. ದಾವಣಗೆರೆಯ ಬಸ್ಸಿನಲ್ಲಿ ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಾಗ ಬ್ರೇಕಿನ ನೆನಪು ಒಮ್ಮೆಯೂ ಬರಲಿಲ್ಲ.

ಕಣ್ಣಿನ ಡಾಕ್ಟರು ಬಯ್ಯಲಿಲ್ಲ. ಪೊರೆ ಅತಿಯಾಗಿ ಬಲಿತು ಕಣ್ಣಿನೊಳಗೆ ಒತ್ತಡ ಏರಿದೆ, ಹಿಂದಿನ ನರ ಸತ್ತಿದೆ, ನೋವು ಕಡಿಮೆ ಮಾಡಬಹುದು, ನೋಟ ಬರುವುದಿಲ್ಲ ಎಂದು ಮೆಲ್ಲಗೆ ಹೇಳಿದರು. ಬಾಗಿಲ ಕಡೆಯಿಂದ ಕಣ್ಣಿಗೆ ಬ್ಯಾಟರಿ ಬಿಟ್ಟು, ಬೆಳಕು ಎಲ್ಲಿದೆ ಅಮ್ಮ ಎಂದು ಕೇಳಿದರು. ಅಮ್ಮ ಗೋಡೆಯ ಕಡೆ ಕೈ ತೋರಿಸಿದಳು. ಸುದ್ದಿ ತಿಳಿದು ಜಗಳೂರಿನಿಂದ ಬಂದ ಅಕ್ಕ ನನ್ನ ಮುಖ ನೋಡದೆ ಅಮ್ಮನ ಕಾಲು ಒತ್ತುತ್ತ ಕೂತಳು. ನನ್ನ ಮಾತು ನಿಜವಾಯಿತೆಂದು ಹೇಳಿಕೊಳ್ಳಲು ಅದು ಜಾಗವಾಗಿರಲಿಲ್ಲ.

ಧಾರಾವಾಹಿ ನಿಂತುಹೋದದ್ದು ನನಗೆ ಗೊತ್ತಾಗಿದ್ದು ಆಮೇಲೆ, ಕ್ಷೌರದಂಗಡಿಯಲ್ಲಿ. ಕೈಗೆ ಸಿಕ್ಕ ಪೇಪರಿನ ಸಿನಿಮಾ ಪುಟದಲ್ಲಿ ನಿರ್ದೇಶಕರ ಹೊಸ ಚಿತ್ರದ ಬಗ್ಗೆ ದೊಡ್ಡದಾಗಿ ಬಂದಿತ್ತು. ಟೀವಿಯ ಕೆಲಸ ಕೂಡಿಬರಲಿಲ್ಲ, ಕೈಬಿಟ್ಟೆ, ಎಂದು ನಡುವೆ ಒಂದು ಸಾಲು. ಒಪ್ಪಿಗೆ ಸಿಗಲಿಲ್ಲವೋ, ಹಣ ಹಾಕುವವರು ಹಿಂದೆ ಸರಿದರೋ, ಅದೇನೂ ಇರಲಿಲ್ಲ. “ಕತ್ತು ಅಲ್ಲಾಡಿಸಬ್ಯಾಡ್ರಿ ಮೇಷ್ಟ್ರೇ, ಕತ್ತಿ ಐತೆ,” ಎಂದ ಕ್ಷೌರದವನು.

ಮನೆಗೆ ಬಂದಾಗ ಅಮ್ಮ ಹೊಸ್ತಿಲಲ್ಲೇ ಕೂತಿದ್ದಳು. ಹೇಗೆ ಹೇಳಲಿ ಎಂದು ನಾನು ಚಪ್ಪಲಿ ಬಿಡುತ್ತ ನಿಂತಿದ್ದಾಗಲೇ, ನನ್ನ ಹೆಜ್ಜೆಯ ಸದ್ದು ಗುರುತಿಸಿ ಅವಳೇ ಮಾತು ತೆಗೆದಳು.

“ಅವರಿಗೊಂದು ಕಾಗದ ಬರಿ. ಅವಸರ ಏನಿಲ್ಲ, ಯಾವಾಗ ಬೇಕಾದ್ರೂ ಬರ್ಲಿ ಅನ್ನು. ಕಣ್ಣು ಇನ್ನ ಹಿಂಗೇ ಇರತೈತೆ.”

ಅವಳ ಪಕ್ಕ ಕೂತೆ. ಸುಳ್ಳು ಹೇಳಬಹುದಿತ್ತು. ಆದರೆ ಸುಳ್ಳು ಹೇಳಿ ಅದನ್ನು ದಿನವೂ ಕಾಯುವ ಚಿಂತೆ ನನ್ನ ಶಕ್ತಿಗೆ ಮೀರಿದ್ದು.

“ಅದು ನಿಂತುಹೋತಂತಮ್ಮ. ಮಾಡಾದಿಲ್ಲಂತೆ.”

ಅಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಆಮೇಲೆ ಕೇಳಿದಳು.

“ನನ್ನ ಪಾರ್ಟು ಬ್ಯಾರೆ ಯಾರಿಗೂ ಕೊಟ್ಟಿಲ್ಲ ಅಲ್ಲ?”

“ಇಲ್ಲಮ್ಮ. ಯಾರಿಗೂ ಕೊಟ್ಟಿಲ್ಲ.”

“ಹಂಗಾದ್ರೆ ಸರಿ ಬಿಡು,” ಎಂದು ಗೋಡೆ ಸವರಿಕೊಂಡು ಒಳಗೆ ಹೋದಳು.

ಇದಾಗಿ ವರ್ಷಗಳಾದವು. ಈಗ ನಮ್ಮ ಮನೆಗೂ ಟೀವಿ ಬಂದಿದೆ. ಅಮ್ಮ ಅದರ ಮುಂದೆ ಕೂತು, ಭಾಷೆ ತಿಳಿಯದಿದ್ದರೂ, ಅಳುವವರು ಎಲ್ಲಿ ತಪ್ಪು ಅಳುತ್ತಿದ್ದಾರೆಂದು ಹೇಳುತ್ತಾಳೆ. ನಾನು ಪೇಪರಿನ ಸಿನಿಮಾ ಪುಟವನ್ನು ಮೊದಲು ಓದುವವನಾಗಿದ್ದೇನೆ. ನಿರ್ದೇಶಕರಿಗೆ ಇನ್ನೂ ಅಂಥ ವಯಸ್ಸೇನಲ್ಲ. ಯಾವತ್ತಾದರೂ ಅವರಿಗೆ ಆ ಹಳೆಯ ಕಥೆ ನೆನಪಾಗಿ, ದಿಲ್ಲಿಯಿಂದ ಒಪ್ಪಿಗೆಯೂ ಬಂದು, ಬೇರೆ ಯಾವುದೋ ಬಾಗಿಲಲ್ಲಿ ಬೇರೆ ಯಾರೋ ಮುದುಕಿಯನ್ನು ಕೂರಿಸಿಬಿಟ್ಟರೆ ಎಂಬುದು ನನ್ನ ಈಗಿನ ಚಿಂತೆ. ಮನೆಯಲ್ಲಿ ಯಾರಿಗೂ ಹೇಳಿಲ್ಲ.